ಎದುರಿಗೆ ಏನೇ ಬಂದರೂ

ಇಪ್ಪತ್ತಮೂರು ವರ್ಷಗಳ ಹಿಂದೆ, ಬೀಳಗಿ ರಸ್ತೆಯ ಬದಿಯಲ್ಲಿ, ಮೂತಿ ನಜ್ಜುಗುಜ್ಜಾದ ಮೂರು ಗಾಲಿಯ ಟಂಟಂ ಗಾಡಿಯ ಹ್ಯಾಂಡಲ್ ಮುಟ್ಟಿ ಒಂಬತ್ತು ವರ್ಷದ ಸಂಗನಬಸು ತನ್ನ ಅಕ್ಕನಿಗೆ ಮಾತು ಕೊಟ್ಟ.

ಗಾಡಿ ಅವರಪ್ಪನದು. ಅಪ್ಪ ಹೋಗಿ ಹನ್ನೊಂದು ದಿನವಾಗಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರ್ ಎದುರಿಗೆ ಬಂದಾಗ ಅವನು ಅದೇಕೋ ಬಲಕ್ಕೆ ಎಳೆದಿದ್ದ. ಟ್ರ್ಯಾಕ್ಟರಿನವನು ತನ್ನ ಎಡಕ್ಕೆ ಸರಿದಿದ್ದ. ಇಬ್ಬರೂ ಒಂದೇ ಕಡೆ ಸರಿದಂತಾಗಿ ಮುಖಕ್ಕೆ ಮುಖ ಹೊಡೆದಿತ್ತು. "ಎಡಕ್ಕ ಎಳದಿದ್ರ ಹೊಲದಾಗ ಇಳೀತಿತ್ತು, ಅಷ್ಟ. ಮನಷ್ಯಾ ಉಳೀತಿದ್ದ" ಎಂದು ದಿನಕರ್ಮಕ್ಕೆ ಆ ಮನೆಗೆ ಬಂದವರೆಲ್ಲ ಹೇಳಿ, ಚಹಾ ಕುಡಿದು ಹೋದರು. ಹದಿನಾರರ ದಾನೇಶ್ವರಿ ಅದನ್ನು ಕೇಳಿ ಕೇಳಿ ಸಾಕಾಗಿ, ತಮ್ಮನ ಕೈ ಹಿಡಿದು ಗಾಡಿ ಬಿದ್ದಿದ್ದಲ್ಲಿಗೇ ಎಳೆದುಕೊಂಡು ಹೋಗಿದ್ದಳು.

"ಹೇಳು. ಎದುರಿಗೆ ಏನ ಬರಲಿ, ಎಡಕ್ಕ ಎಳೀತೀನಿ."

"ಎದುರಿಗೆ ಏನ ಬರಲಿ, ಎಡಕ್ಕ ಎಳೀತೀನಿ."

"ಯಾವಾಗೂ."

"ಯಾವಾಗೂ. ಅಕ್ಕಾ, ದೇವರ ಬಂದ್ರ?"

"ದೇವರ ಬಂದ್ರೂ ಎಡಕ್ಕ."

ಮುಂದೊಂದು ದಿನ ಟಂಟಂ ಗಾಡಿಗಳಿಗೆ ರೆಕ್ಕೆ ಬರುತ್ತವೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ರೆಕ್ಕೆ ಬಂದದ್ದಕ್ಕೆ ಕಾರಣ ನೀರು. ಅಣೆಕಟ್ಟಿನ ಹಿನ್ನೀರು ನಿಂತ ಮೇಲೆ ಆ ಸೀಮೆಯಲ್ಲಿ ದಾರಿಗಳೇ ಮುಳುಗಿದವು. ಆಚೆ ದಂಡೆಯ ಊರಿನ ಬಾವುಟ ಬರಿಗಣ್ಣಿಗೆ ಕಾಣುತ್ತದೆ, ಕೂಗಿದರೆ ನಾಯಿ ಬೊಗಳುತ್ತದೆ, ಹೋಗಬೇಕೆಂದರೆ ಸೇತುವೆ ಸುತ್ತಿ ಒಂದೂವರೆ ತಾಸಿನ ಬಸ್ಸು. ಹೀಗಿರುವಾಗ ಬ್ಯಾಟರಿಯ ಮೇಲೆ ಓಡುವ, ನಾಲ್ಕು ಸೀಟಿನ, ಕ್ರಿಕೆಟ್ ಪಿಚ್ಚಿನಷ್ಟು ಜಾಗದಲ್ಲಿ ಏಳುವ ಅಗ್ಗದ ವಿಮಾನಗಳು ಬಂದದ್ದೇ ತಡ, ದಂಡೆಯ ಜನ ಅವನ್ನು ಬಾಚಿ ತಬ್ಬಿಕೊಂಡರು. ಸರ್ಕಾರದ ಕಾಗದದಲ್ಲಿ ಅದರ ಹೆಸರು ಕಿರುವಿಮಾನ. ಜನರ ಬಾಯಲ್ಲಿ ಗಾಳಿ ಟಂಟಂ. ಓಡಿಸುವವರಾದರೂ ಬೇರೆ ಯಾರು? ನೆಲದ ಮೇಲೆ ಟಂಟಂ ಓಡಿಸಿದವರೇ ಆರು ತಿಂಗಳ ತರಬೇತಿ ಮುಗಿಸಿ, ಲೈಸೆನ್ಸು ಪಡೆದು ಮೇಲೆ ಹತ್ತಿದರು. ಅದೇ "ಒಂದ ಸೀಟ್ ಐತಿ, ಬರ್ರಿ ಬರ್ರಿ" ಎನ್ನುವ ಕೂಗು, ಅದೇ ಮುಂದಿನ ಗಾಜಿಗೆ ನಿಂಬೆಹಣ್ಣು, ಅದೇ ಬೆನ್ನ ಮೇಲೆ ಬರಹ. ಸಂಗನಬಸುವಿನ ಹದಿನೇಳನೇ ನಂಬರಿನ ಬಾಲದ ಮೇಲೆ 'ನೋಡ್ಕೋತ ಬಾ' ಎಂದು ಬರೆದಿತ್ತು.

"ಇಷ್ಟ ದೊಡ್ಡ ಆಕಾಶದಾಗ ಡಿಕ್ಕಿ ಹೆಂಗ ಹೊಡೀತಾವಬೇ?" ಎಂದು ದಾನೇಶ್ವರಿಯ ಅತ್ತೆ ಒಮ್ಮೆ ಕೇಳಿದ್ದರು. ಅವಳು ತಟ್ಟೆಯಲ್ಲಿದ್ದ ರೊಟ್ಟಿ ಎತ್ತಿ, ಅಂಚು ತೋರಿಸಿದ್ದಳು. "ನಮಗ ಕೊಟ್ಟ ಆಕಾಶ ಇಷ್ಟ ದಪ್ಪ ಐತಿ ಅತ್ತಿ." ಮೇಲೆ ಎಂಟುನೂರು ಅಡಿಯಾಚೆ ಆಸ್ಪತ್ರೆಯ ವಿಮಾನಗಳು, ಅದರ ಮೇಲೆ ದೊಡ್ಡವು. ಕೆಳಗೆ ವಿದ್ಯುತ್ ತಂತಿಯ ಗೋಪುರಗಳು. ನಡುವಿನ ಆ ರೊಟ್ಟಿಯೊಳಗೇ ಎಲ್ಲರೂ, ಅದರಲ್ಲೂ ದಾರಿ ತಪ್ಪಬಾರದೆಂದು ಎಲ್ಲರೂ ನೀರಿನಂಚನ್ನೇ ಹಿಡಿದು. ದೊಡ್ಡ ಬಯಲಿನಲ್ಲಿ ಕಾಲುದಾರಿ ಒಂದೇ ಬಿದ್ದ ಹಾಗೆ.

ಈ ಕಾಲುದಾರಿಯನ್ನು ಕಾಯುವುದು ದಾನೇಶ್ವರಿಯ ಕೆಲಸ.

ನವನಗರದ ಒಂದು ಹಳೆಯ ಕಟ್ಟಡದ ಮೂರನೇ ಮಹಡಿ. ಒಂದು ಕುರ್ಚಿ, ಒಂದು ತೆರೆ, ಒಂದು ಮೈಕು. ತೆರೆಯ ಮೇಲೆ ಹಸಿರು ಅಂಕಿಗಳು ತೆವಳುತ್ತಿದ್ದವು. ಅವು ವಿಮಾನಗಳಲ್ಲ ಎಂಬುದನ್ನು ಅವಳು ಮರೆಯುತ್ತಿರಲಿಲ್ಲ. ಅಷ್ಟು ಕೆಳಗೆ ಹಾರುವುದನ್ನು ರಾಡಾರ್ ನೋಡಲಾರದು. ತೆರೆಯ ಮೇಲೆ ಕಾಣುವುದು ಪ್ರತಿ ವಿಮಾನವೂ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು, ಅದೂ ಎರಡು ಸೆಕೆಂಡು ಹಳತು. ಒಂದು ಕುರ್ಚಿಗೆ ಹನ್ನೆರಡೇ ವಿಮಾನ ಎಂದು ನಿಯಮ. ಬೆಳಿಗ್ಗೆ ಶಾಲೆ, ಆಫೀಸಿನ ಹೊತ್ತಿಗೆ ಇಪ್ಪತ್ತೆರಡು ಇರುತ್ತಿದ್ದವು. ಅಷ್ಟಕ್ಕೂ ಸೇರಿ ಮಾತಿನ ದಾರಿ ಒಂದೇ. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಇಬ್ಬರ ಮಾತೂ ಸತ್ತು, 'ಕೀಂ' ಎಂಬ ಸದ್ದೊಂದೇ ಉಳಿಯುತ್ತಿತ್ತು. ಮನೆಯಲ್ಲಿ ಕುಕ್ಕರ್ ಕೂಗಿದರೂ ಅವಳ ಬಲಗಾಲು ಮೈಕಿನ ಪೆಡಲ್ ಹುಡುಕುತ್ತಿತ್ತು.

ಅವಳಿಂದಾಗದ್ದನ್ನು ಮಾಡಲಿ ಎಂದು ಪ್ರತಿ ವಿಮಾನದಲ್ಲೂ ಒಂದು ಕಾವಲುಪೆಟ್ಟಿಗೆ ಕೂರಿಸಿದ್ದರು. ಪೆಟ್ಟಿಗೆಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಯಾವ ಎರಡು ವಿಮಾನ ಇನ್ನರ್ಧ ನಿಮಿಷದಲ್ಲಿ ಒಂದೇ ಜಾಗದಲ್ಲಿರುತ್ತವೆಂದು ಲೆಕ್ಕ ಹಾಕಿ, ಎರಡರಲ್ಲೂ ಹೆಣ್ಣುದನಿಯಲ್ಲಿ "ಎದುರಿಗೆ ವಿಮಾನ, ಬಲಕ್ಕೆ ತಿರುಗಿ" ಎನ್ನುತ್ತಿದ್ದವು. ಜಗತ್ತಿನ ಆಕಾಶದ ಕಾನೂನು ಅದು: ಎದುರುಬದುರಾದರೆ ಇಬ್ಬರೂ ಬಲಕ್ಕೆ. ಹಿಂದಿನ ಸೀಟಿನಲ್ಲಿ ಕೂತು ಗದರುವ ಮುದುಕಿಯ ಹಾಗೆ ಕೇಳುತ್ತದೆಂದು ಟಂಟಂ ಮಂದಿ ಅದಕ್ಕೆ 'ಅಜ್ಜಿ' ಎಂದು ಹೆಸರಿಟ್ಟರು. ವಿಮಾನಗಳು ಅಗ್ಗದವು, ಹ್ಯಾಂಡಲಿನಿಂದ ರೆಕ್ಕೆಗೆ ಬರಿಯ ತಂತಿ. ಹಾಗಾಗಿ ಅಜ್ಜಿಗೆ ಬಾಯಿ ಇತ್ತು, ಕೈ ಇರಲಿಲ್ಲ.

ಪ್ರತಿ ಶನಿವಾರ ಅಜ್ಜಿ ಕೂಗಿದ ಪ್ರಸಂಗಗಳನ್ನೆಲ್ಲ ತೆರೆಯ ಮೇಲೆ ಮತ್ತೆ ಓಡಿಸಿ ನೋಡುವುದು ದಾನೇಶ್ವರಿಯ ಪಾಲಿಗಿತ್ತು. ಮಾಘದ ಮೊದಲ ವಾರ ಹಾಗೆ ನೋಡುವಾಗ ಒಂದು ಗೆರೆಯ ಮೇಲೆ ಅವಳ ಕಣ್ಣು ನಿಂತಿತು. ಅಜ್ಜಿ ಬಲಕ್ಕೆ ಎಂದಿದ್ದಾಳೆ, ವಿಮಾನ ಬಲಕ್ಕೇ ಹೋಗಿದೆ. ಆದರೆ ಹೋಗುವ ಮೊದಲು ಒಂದು ಕ್ಷಣ ಎಡಕ್ಕೆ ವಾಲಿದೆ. ಗಾಳಿಯಿರಬೇಕೆಂದುಕೊಂಡಳು. ಇನ್ನೊಂದು ನೋಡಿದಳು, ಮತ್ತೊಂದು. ಎಂಟು ತಿಂಗಳ ಗೆರೆಗಳನ್ನೆಲ್ಲ ಹರವಿಕೊಂಡಳು. ಹನ್ನೊಂದು ಟಂಟಂಗಳಲ್ಲಿ ಅದೇ ಕೊಕ್ಕೆ. ವಿಮಾನ ಶಾಲೆಯ ಹುಡುಗರ ಗೆರೆಗಳಲ್ಲಿ ಒಂದರಲ್ಲೂ ಇಲ್ಲ. ಧ್ವನಿಯನ್ನೂ ಗೆರೆಯನ್ನೂ ಜೋಡಿಸಿ ಓಡಿಸಿ ನೋಡಿದಳು. ಅಜ್ಜಿ 'ಬಲಕ್ಕೆ' ಎನ್ನುವ ತನಕ ಅವರ ಕೈ ಕಾಯುತ್ತಲೇ ಇರಲಿಲ್ಲ. 'ಎದುರಿಗೆ' ಎಂದೊಡನೆ ಕೈ ಎಡಕ್ಕೆ ಹೊರಟಿರುತ್ತಿತ್ತು.

ಹನ್ನೊಂದೂ ಮಂದಿ ಹತ್ತು ಹದಿನೈದು ವರ್ಷ ರಸ್ತೆಯಲ್ಲಿ ಗಾಡಿ ಓಡಿಸಿದವರು. ರಸ್ತೆ ಅವರಿಗೆ ಕಲಿಸಿದ್ದು ಒಂದೇ.

ಇಷ್ಟು ದಿನ ನಡೆದುಹೋಯಿತೇಕೆಂದರೆ ಬೆಳಕಿತ್ತು. ಎದುರಿನದು ಕಣ್ಣಿಗೆ ಕಾಣುತ್ತಿತ್ತು, ಕೈ ತನ್ನ ತಪ್ಪು ತಿದ್ದಿಕೊಳ್ಳುತ್ತಿತ್ತು. ಕಾಣದ ದಿನ? ಒಬ್ಬ ಬಲಕ್ಕೆ, ಅವನ ಎದುರಿನವನು ಎಡಕ್ಕೆ ಎಂದರೆ ಇಬ್ಬರೂ ಒಂದೇ ಕಡೆ. ಸಂದಿಯಲ್ಲಿ ಎದುರಾದ ಇಬ್ಬರು ದಾರಿ ಬಿಡಲು ಹೋಗಿ ಒಂದೇ ಕಡೆ ಸರಿದು ಎದೆಗೆ ಎದೆ ತಾಗಿಸಿಕೊಳ್ಳುವುದಿಲ್ಲವೇ, ಹಾಗೆ. ಸಂದಿಯಲ್ಲಾದರೆ ನಕ್ಕು ಹೋಗುತ್ತಾರೆ.

ಬೀಳಗಿ ರಸ್ತೆಯ ಗಾಡಿ ಅವಳ ಕಣ್ಣಮುಂದೆ ಬಂತು.

ಹಿರಿಯ ಅಧಿಕಾರಿ ಅಥಣಿಕರ ಸರ್ ಗೆರೆಗಳನ್ನು ಮೂರು ಸಲ ನೋಡಿದರು. ಕನ್ನಡಕ ತೆಗೆದು ಮೂಗು ತಿಕ್ಕಿಕೊಂಡರು.

"ಖರೇ ಅದ, ದಾನೇಶ್ವರಿ ಅವರ. ನಿವೃತ್ತಿಗೆ ಏಳು ತಿಂಗಳ ಉಳದಾವ ನಂದು, ಅಷ್ಟರಾಗ ನೀವು ಇದನ್ನ ಹುಡಕಬೇಕಿತ್ತೇನು?"

"ಎಲ್ಲಾರಿಗೂ ಎಡಕ್ಕಂತ ಮಾಡಿಬಿಟ್ರ ಹೆಂಗ್ರಿ ಸರ್?"

"ಜಗತ್ತೆಲ್ಲಾ ಬಲಕ್ಕ ಹೊರಳ್ತದ. ಬಾಗಲಕೋಟಿ ಒಂದ ಎಡಕ್ಕ ಹೊರಳಿದ್ರ, ನಾಳೆ ಹೊರಗಿನಾಂವ ಬಂದಾಗ ಏನ್ ಮಾಡ್ತೀರಿ?"

"ಹಂಗಾದ್ರ ಅಜ್ಜಿ ಮಾತರ ತಿದ್ದಸ್ರಿ. ಮೊದಲ ಬಲಕ್ಕ ಅನ್ಲಿ, ಎದುರಿಗೆ ಅನ್ನೂದು ಆಮ್ಯಾಲ."

"ಅಜ್ಜಿ ಅನಬ್ಯಾಡ್ರಿ, ಕಾವಲುಪೆಟ್ಟಿಗಿ ಅನ್ರಿ. ಬರದು ಕಳಸ್ತೀನಿ. ಅವರು ತಿದ್ದೂದು ಮುಂದಿನ ವರ್ಷ." ಅಥಣಿಕರ ಒಂದು ಹಾಳೆ ಮುಂದೆ ಸರಿಸಿದರು. "ಸದ್ಯಕ್ಕ ಆ ಹನ್ನೊಂದೋ ಹನ್ನೆರಡೋ ಎಷ್ಟವ, ನಂಬರ್ ಬರದು ಕೊಡ್ರಿ. ನಾಳಿಂದ ಹದಿನೈದು ದಿನ ಅಷ್ಟೂ ಮಂದೀನ ಕೆಳಗ ಇಳಸ್ತೀನಿ. ಕೈ ಮರೀತನಕ ತರಬೇತಿಗೆ ಕೂಡಲಿ."

ಅವಳು ಬರೆಯತೊಡಗಿದಳು. ಮೂರು, ಏಳು, ಎಂಟು, ಹನ್ನೆರಡು.

ಹನ್ನೆರಡರ ಮುಂದಿನದು ಹದಿನೇಳು. ಆ ಗೆರೆಯ ಕೊಕ್ಕೆ ಎಲ್ಲಕ್ಕಿಂತ ದೊಡ್ಡದಿತ್ತು.

ಸಂಗನಬಸು ಮಲ್ಲಾಪುರ ದಂಡೆಯ ದಾರಿಗಾಗಿ ಎರಡು ವರ್ಷ ಕಾದಿದ್ದ. ದಾರಿ ಸಿಕ್ಕು ಇನ್ನೂ ನಲವತ್ತು ದಿನ. ಟಂಟಂ ಸಂಘದ ಕಟ್ಟಳೆ ಎಂದರೆ, ವಾರಕ್ಕಿಂತ ಹೆಚ್ಚು ಗಾಡಿ ನಿಂತರೆ ದಾರಿ ಪಾಳಿಯಲ್ಲಿರುವ ಮುಂದಿನವನಿಗೆ. ಹೆಂಡತಿಗೆ ಏಳು ತಿಂಗಳು. ಅವನು ತನ್ನ ತಮ್ಮ, ಸಂಜೆಗೆ ಮನೆಗೆ ಕರೆದರೆ ಬರುತ್ತಾನೆ, ತಾನೇ ಕೂರಿಸಿ ತಿದ್ದಬಹುದು. ಮಾತು ಹೇಳಿಸಿದವಳೂ ತಾನೇ ಅಲ್ಲವೇ?

ಹನ್ನೆರಡಾದ ಮೇಲೆ ಅವಳು ಹತ್ತೊಂಬತ್ತು ಎಂದು ಬರೆದಳು. ಹಾಳೆಯ ಮೇಲೆ ಹತ್ತು ನಂಬರು ಇಳಿದವು. ಅಥಣಿಕರ ಎಣಿಸಲಿಲ್ಲ.

ಅವತ್ತು ಸಂಜೆ ಸಂಗನಬಸು ಅಕ್ಕನ ಮನೆಯ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಲಟ್ಟಣಿಗೆ ಹಿಡಿದು ಕೂತಿದ್ದ. ಭಾವ ಈರಣ್ಣ ಸಿಮೆಂಟ್ ಫ್ಯಾಕ್ಟರಿಯ ಎರಡನೇ ಪಾಳಿಗೆ ಹೋಗಿದ್ದ. ದಾನೇಶ್ವರಿಯ ಹತ್ತು ವರ್ಷದ ಮಗಳು ಇಂಚರಾ ಸೋದರಮಾವನ ಸಲಿಗೆಯಲ್ಲಿ ಸ್ಟೂಲಿನ ಹಿಂದೆ ನಿಂತು ಅಜ್ಜಿಯ ವೇಷ ಹಾಕಿದ್ದಳು, ತಲೆಯ ಮೇಲೆ ಟವೆಲ್ಲು ಹೊದ್ದು.

"ಎದುರಿಗೆ ವಿಮಾನ! ಬಲಕ್ಕೆ ತಿರುಗಿ!"

ಸಂಗನಬಸು ಲಟ್ಟಣಿಗೆ ಬಲಕ್ಕೆ ತಿರುಗಿಸಿದ. "ಇನ್ನೆಷ್ಟ ಸಲ ಅಕ್ಕಾ? ಅರವತ್ತಾತು. ಈ ಲಟ್ಟಣಿಗಿಗೆ ಲೈಸೆನ್ಸ್ ಕೊಡಸು ಮದಲ."

"ಬಾಯಿ ಮುಚಗೊಂಡು ಹೊಡಿ."

"ಮಾಮಾ, ಪ್ಯಾಸೆಂಜರ್ ಜೋಡಿ ಮಾತಾಡಬಾರ್ದು," ಎಂದಳು ಇಂಚರಾ.

"ಎರಡು ಸಲ ಎಡಕ್ಕ ಎಳದ ಉಳದೀನಿ ಅಕ್ಕಾ ರಸ್ತೆದಾಗ. ಲೋಕಾಪುರದ ಹತ್ರ ಆ ಲಾರಿ ಬಂದಾಗ ನಾ ಎಳೀಲಿಲ್ಲ, ಕೈ ತಾನ ಎಳೀತು. ಗಟಾರದಾಗ ಬಿದ್ದು ಎದ್ದು ನೋಡ್ತೀನಿ, ಸೀಟಿನಾಗಿದ್ದ ಮುದುಕಿ ಎಲಿ ಅಡಿಕಿ ಸುದ್ದಾ ಚೆಲ್ಲಿದ್ದಿಲ್ಲ."

"ಅದನ್ನ ಮರಿ ಅಂತೀನಿ. ಅವತ್ತ ಕೊಟ್ಟ ಮಾತು ಬಿಟ್ಟಬಿಡು. ನಾನ ಹೇಳಿಸಿದ್ದೆ, ನಾನ ವಾಪಸ್ ತಗೊಂಡೀನಿ."

"ಕೊಟ್ಟ ಮಾತು ವಾಪಸ್ ತಗೊಳ್ಳಾಕ ಅದೇನ್ ಅಂಗಡ್ಯಾಗ ತಂದ ಸೀರಿ ಏನಕ್ಕಾ?" ಎಂದು ನಕ್ಕವನು, ಅವಳ ಮುಖ ನೋಡಿ ನಗು ನಿಲ್ಲಿಸಿದ. "ಬಾಯಾಗಿದ್ರ ಬಿಡತಿದ್ದೆ. ಅದು ಕೈಯಾಗ ಕುಂತೈತಿ." ಆಮೇಲೆ ತಾನಾಗಿಯೇ ಬಲಗೈ ಚಾಚಿ ಅವಳ ಅಂಗೈ ಮೇಲಿಟ್ಟ. "ತಗೋ. ಮ್ಯಾಲ ಹೋದಾಗ ಎದುರಿಗೆ ಏನ ಬರಲಿ, ಬಲಕ್ಕ. ನಿನ್ನಾಣಿ. ಸಮಾಧಾನಾತಿಲ್ಲೋ? ಈಗರ ಊಟಕ್ಕ ಹಾಕು."

ಊಟಕ್ಕೆ ಕೂತರು. ಅರವತ್ತಕ್ಕೆ ಅರವತ್ತೂ ಬಲಕ್ಕೇ ತಿರುಗಿಸಿದ್ದ. ದಾನೇಶ್ವರಿ ಎರಡನೇ ರೊಟ್ಟಿ ಬಡಿಸಿ ಒಳಗೆ ಹೋಗುತ್ತಿದ್ದಳು. ಅಷ್ಟರಲ್ಲಿ ಇಂಚರಾ ಟವೆಲ್ಲು ಹೊದ್ದೇ ಪರದೆಯ ಹಿಂದಿನಿಂದ "ಎದುರಿಗೇ!" ಎಂದು ಕಿರುಚುತ್ತ ಅವನ ಮೇಲೆ ಎಗರಿದಳು.

ಮಜ್ಜಿಗೆಯ ತಂಬಿಗೆ ಉರುಳಿ ಹೊಸ್ತಿಲ ತನಕ ಬೆಳ್ಳಗೆ ಹರಿಯಿತು.

"ಮಾಮಾ ಸತ್ತ!" ಎಂದು ಮಗು ಕುಣಿಯಿತು. ಸಂಗನಬಸು ಬಿದ್ದು ಬಿದ್ದು ನಕ್ಕ. ದಾನೇಶ್ವರಿ ಒರೆಸುವ ಬಟ್ಟೆ ಹಿಡಿದು ನಿಂತೇ ಇದ್ದಳು. ತಂಬಿಗೆಯನ್ನು ಅವನ ಎಡಗಡೆಗೆ ಇಟ್ಟವಳು ಅವಳೇ.

ನಾಳೆ ಸರ್ ಹತ್ತಿರ ಹೋಗಿ ಹದಿನೇಳನ್ನೂ ಸೇರಿಸಬೇಕು ಎಂದುಕೊಂಡಳು. ಭಾನುವಾರ ಅಥಣಿಕರ ರಜೆ. ಸೋಮವಾರ ಇಂಚರಾಗೆ ಜ್ವರ. ಮಂಗಳವಾರ ಹಾಳೆ ಆಗಲೇ ಮೇಲಿನ ಆಫೀಸಿಗೆ ಹೋಗಿತ್ತು. ಈಗ ಸೇರಿಸಿದರೆ ಮೊದಲೇಕೆ ಬಿಟ್ಟಿರಿ ಎಂದು ಕೇಳುತ್ತಾರೆ. ಇನ್ನೆರಡು ಸಂಜೆ ಕಲಿಸಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಅವಳು ಕುರ್ಚಿಯಲ್ಲಿದ್ದಳು. ಪಟ್ಟಿಯಲ್ಲಿದ್ದ ಹತ್ತು ಮಂದಿ ಕೆಳಗಿನ ಮಹಡಿಯ ತರಬೇತಿ ಕೋಣೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಹದಿನೇಳು ಎಂಟೂ ನಾಲ್ಕಕ್ಕೆ ಮಲ್ಲಾಪುರದಿಂದ ಎದ್ದಿತು. ಒಳಗೆ ಒಬ್ಬ ನರ್ಸು, ಒಬ್ಬ ಮಾಸ್ತರು, ಕಣ್ಣಿನ ಆಪರೇಷನ್ನಿಗೆ ಹೊರಟ ಒಬ್ಬ ಮುದುಕ. ಈಚೆಯಿಂದ ವಿಮಾನ ಶಾಲೆಯ 'ನವಿಲು ಆರು' ಎದ್ದಿತು. ಅದರಲ್ಲಿ ಹತ್ತೊಂಬತ್ತರ ಹುಡುಗಿ ರುಕ್ಸಾರ್ ಮಕಾನದಾರ, ಒಂಟಿಯಾಗಿ ಮೂರನೇ ಹಾರಾಟ.

ಎಂಟೂ ಹತ್ತಕ್ಕೆ ಹಿನ್ನೀರು ಉಸಿರು ಬಿಟ್ಟಿತು. ಮಾಘದಲ್ಲಿ ಹಾಗಾಗುವುದುಂಟು. ಬಿಸಿಲು ತಾಗಿದ ಕೂಡಲೇ ನೀರಿನ ಮೇಲಿಂದ ಮಂಜು ಎದ್ದು, ಹಾಲು ಉಕ್ಕಿದ ಹಾಗೆ, ನೋಡನೋಡುತ್ತಿದ್ದಂತೆ ದಂಡೆ ದಂಡೆ ಮುಚ್ಚಿಬಿಡುತ್ತದೆ. ದಾನೇಶ್ವರಿ ಯಾರೂ ಏಳಬೇಡಿ ಎಂದು ಹೇಳಿದಳು. ಎದ್ದಾಗಿದ್ದವು ಒಂಬತ್ತು.

ಒಂಬತ್ತೂ ಒಟ್ಟಿಗೆ ಮಾತಾಡಿದವು. "ಮೇಡಂ, ಏನೂ ಕಾಣವಲ್ದು..." "ನಾ ಇಳೀಲೇನ್ರಿ, ಟಂಟಂ ಐದ..." ಕೀಂ. "ಮೇಡಂ..." ಕೀಂ.

"ಎಲ್ಲರೂ ಸುಮ್ಮನಿರಿ. ನಾನು ಕರೆದವರು ಮಾತ್ರ..." ಅವಳ ಮಾತೂ ಕೀಂ ಎಂದಿತು.

ಆಗ ತೆರೆಯ ಮೇಲೆ ಹದಿನೇಳಕ್ಕೂ ನವಿಲು ಆರಕ್ಕೂ ನಡುವೆ ಕೆಂಪು ಗೆರೆ ಮೂಡಿತು. ಮೂಗಿಗೆ ಮೂಗು. ಪಕ್ಕದಲ್ಲಿ ಇಪ್ಪತ್ತನಾಲ್ಕು ಎಂಬ ಅಂಕಿ. ಇಪ್ಪತ್ತನಾಲ್ಕು ಸೆಕೆಂಡು. ಮೇಲೆ ಆಸ್ಪತ್ರೆಯ ವಿಮಾನವೊಂದು ದಾಟುತ್ತಿತ್ತು, ಕೆಳಗೆ ತಂತಿಯ ಗೋಪುರ. ಏಳುವಂತಿಲ್ಲ, ಇಳಿಯುವಂತಿಲ್ಲ. ಎರಡರಲ್ಲೂ ಅಜ್ಜಿ ಈಗ ಕೂಗುತ್ತಿರುತ್ತಾಳೆ: ಎದುರಿಗೆ ವಿಮಾನ.

ಇಪ್ಪತ್ತೆರಡು.

ರುಕ್ಸಾರ್ ಪುಸ್ತಕದಲ್ಲಿ ಕಲಿತವಳು, ಬಲಕ್ಕೆ ತಿರುಗುತ್ತಾಳೆ. ಸಂಗೂ? ತೆರೆ ಎರಡು ಸೆಕೆಂಡು ಹಳೆಯದನ್ನೇ ತೋರಿಸುತ್ತಿತ್ತು, ಅದರಲ್ಲಿ ಅವನಿನ್ನೂ ನೇರ ಬರುತ್ತಿದ್ದ. ಅವನಿಗೆ ಬಲಕ್ಕೆ ಎಂದು ಕೂಗಲೇ? ಅವನ ಕೈ ಆಗಲೇ ಏನೋ ಮಾಡಿಯಾಗಿದೆ. ಎಡಕ್ಕೆ ವಾಲಿದ ಮೇಲೆ ಬಲಕ್ಕೆ ಎಳೆದರೆ ಹುಡುಗಿಯ ಮೂಗಿನ ಮೇಲೇ ಬರುತ್ತಾನೆ. ಹುಡುಗಿಗೆ ಎಡಕ್ಕೆ ತಿರುಗು ಎನ್ನಲೇ? ಅಂಗೈ ಮೇಲೆ ಕೈಯಿಟ್ಟು ಹೇಳಿದ ಹೊಸ ಮಾತನ್ನು ಅವನು ಉಳಿಸಿಕೊಂಡಿದ್ದರೆ, ನಾನೇ ಎಲ್ಲರನ್ನೂ ಕೊಂದಂತೆ.

ಹತ್ತೊಂಬತ್ತು. ಕೀಂ. ಯಾರೋ ಇನ್ನೂ ಗುಂಡಿ ಒತ್ತಿಯೇ ಇದ್ದ.

ಎರಡು ಮಾತು ಕೊಟ್ಟಿದ್ದಾನೆ. ಯಾವುದು ಉಳಿಸುತ್ತಾನೋ ಗೊತ್ತಿಲ್ಲ. ಆದರೆ ಅವನು ಕಲ್ಲಾಗಿ ಕೂರುವವನಲ್ಲ, ಎರಡರಲ್ಲೊಂದನ್ನು ಉಳಿಸಿಯೇ ತೀರುವವನು. ಅವನು ಯಾವ ಕಡೆ ಹೋದರೂ ಸರಿ, ಹುಡುಗಿ ಸರಿಯದಿದ್ದರೆ ಸಾಕು.

ಹದಿನೇಳು. ಸದ್ದು ನಿಂತಿತು. ಅವಳು ಪೆಡಲ್ ತುಳಿದಳು.

"ನವಿಲು ಆರು, ನವಿಲು ಆರು. ತಿರುಗಬೇಡ. ನೇರ. ಅಜ್ಜಿ ಮಾತು ಕೇಳಬೇಡ, ನನ್ನ ಮಾತು ಕೇಳು. ನೇರ ಹೋಗು."

ಪೆಟ್ಟಿಗೆ ಒಂದು ಹೇಳಿ ಮೈಕು ಇನ್ನೊಂದು ಹೇಳಿದರೆ ಪೆಟ್ಟಿಗೆಯ ಮಾತೇ ಕೇಳಬೇಕು ಎಂಬುದು ಶಾಲೆಯ ಮೊದಲ ಪಾಠ. ಆ ಪಾಠವನ್ನು ಎರಡು ವರ್ಷದ ಹಿಂದೆ ಶಾಲೆಗೆ ಹೋಗಿ ಹೇಳಿಬಂದವಳು ದಾನೇಶ್ವರಿಯೇ.

ಹದಿನಾಲ್ಕು.

"ನವಿಲು ಆರು," ಎಂದಳು ರುಕ್ಸಾರ್. "ನೇರ."

ಹನ್ನೊಂದು. ಒಂಬತ್ತು. ಆರು. ತೆರೆಯ ಮೇಲೆ ಅಂಕಿಗಳ ಗಾತ್ರ ವಿಮಾನಗಳ ನಡುವಿನ ಅಂತರಕ್ಕಿಂತ ದೊಡ್ಡದು. ಹಾಗಾಗಿ ಹದಿನೇಳೂ ಆರೂ ಒಂದರ ಮೇಲೊಂದು ಹತ್ತಿ, ಓದಲಾಗದ ಒಂದು ಹಸಿರು ಕಲೆಯಾದವು. ಮೂರು. ಒಂದು. ಕಲೆ ಹಾಗೇ ಇತ್ತು. ಅವಳಿಗೆ ಅಪ್ಪನ ಗಾಡಿಯ ಹ್ಯಾಂಡಲ್ ಎಷ್ಟು ತಣ್ಣಗಿತ್ತೆಂಬುದು ನೆನಪಾಯಿತು. ಎರಡು ಸೆಕೆಂಡು ಹಳೆಯದು, ಎರಡು ಸೆಕೆಂಡು ಹಳೆಯದು ಎಂದು ಜಪಿಸಿದಳು.

ಕಲೆ ಬಿಚ್ಚಿ ಎರಡಾಯಿತು.

"ಅಕ್ಕಾ," ಎಂದಿತು ಮೈಕಿನ ಆ ತುದಿ. ಕುರ್ಚಿಯಲ್ಲಿರುವಾಗ ಅವನು ಹಾಗೆ ಕರೆದದ್ದು ಅದೇ ಮೊದಲು. "ಮೇಡಂ. ಟಂಟಂ ಹದಿನೇಳು. ಏನೋ ಒಂದು ಬಾಜೂಕ ಹಾದುಹೋತ್ರಿ."

"ಟಂಟಂ ಹದಿನೇಳು," ಎಂದಳು. "ನೀರಿನಂಚು ಬಿಡಬೇಡಿ. ನಿಧಾನ ಬಂದು ಇಳೀರಿ."

ಉಳಿದ ಏಳನ್ನೂ ಇಳಿಸಿ, ಕೊನೆಯದರ ಗಾಲಿ ನೆಲ ಮುಟ್ಟಿದ ಮೇಲೆ ಅವಳು ಕುರ್ಚಿ ಬಿಟ್ಟೆದ್ದಳು. ಅಥಣಿಕರ ಹಿಂದೆಯೇ ನಿಂತಿದ್ದರು. ಯಾವಾಗ ಬಂದರೋ.

"ಪೆಟ್ಟಿಗಿ ವಿರುದ್ಧ ಹೇಳೀರಿ."

"ಹೌದ್ರಿ ಸರ್."

"ಅದರಾಗ ನಿಮ್ಮ ತಮ್ಮ ಇದ್ದ."

"ಹುಡುಗಿಗೆ ಹೇಳೀನ್ರಿ. ಅವಂಗಲ್ಲ."

"ಅದು ಕೇಳಿಸ್ತು. ವಿಚಾರಣಿ ಆಗ್ತದ, ಅಲ್ಲೀತನಕ ಈ ಕುರ್ಚಿಮ್ಯಾಲ ಕೂಡಂಗಿಲ್ಲ ನೀವು." ಅವರು ಕುರ್ಚಿಯನ್ನು ತಮ್ಮತ್ತ ಎಳೆದುಕೊಂಡರು. "ಹುಡುಗಿ ಫೋನಿನ್ಯಾಗ ಸಿಕ್ಕಿದ್ಲು. ಪೆಟ್ಟಿಗಿ ಬಿಟ್ಟು ಮೇಡಂ ಮಾತು ಯಾಕ ಕೇಳ್ದೀಬೇ ಅಂದೆ. ಮೈಕಿನ್ಯಾಗ ಯಾರೂ ಅಜ್ಜಿ ಅನ್ನಂಗಿಲ್ಲ, ಮೇಡಂ ಅಂದ್ರು, ಹಂಗಾದ್ರ ಏನೋ ಖರೇನ ಕೆಟ್ಟದ ಅಂತ ಅನಿಸ್ತು ಅಂದ್ಲು."

ಮೆಟ್ಟಿಲು ದಡದಡ ಹತ್ತಿ ಸಂಗನಬಸು ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ಅಥಣಿಕರನ್ನು ಕಂಡರೂ ನಿಲ್ಲದೆ ಅಕ್ಕನ ಎರಡೂ ಕೈ ಹಿಡಿದುಕೊಂಡ.

"ಬಲಕ್ಕ ಎಳದೆ ಅಕ್ಕಾ! ಅಜ್ಜಿ ಅಂದದ್ದ ತಡ, ಬಲಕ್ಕ. ಮುದುಕಪ್ಪ ಹಿಂದ ಶಿವ ಶಿವಾ ಅನ್ನಾಕತ್ತಿದ್ದ. ಲಟ್ಟಣಿಗಿ ಹೊಡದಿದ್ದು ಸುಳ್ಳಾಗಲಿಲ್ಲ ನೋಡು!"

ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ. ಹಾಗೆಂದೇ ಅವನು ನಂಬಿದ್ದ.

ಅಥಣಿಕರ ತೆರೆಯ ಮುಂದೆ ಕೂತು, ಎಂಟೂ ಹನ್ನೆರಡರ ಗೆರೆಗಳನ್ನು ಮತ್ತೆ ಓಡಿಸಿದರು. ನವಿಲು ಆರು ಕೂದಲೆಳೆಯಷ್ಟು ಬಲಕ್ಕೆ ಬಾಗಿ, ಮತ್ತೆ ನೆಟ್ಟಗಾಗಿ ಹೋಯಿತು. ಹದಿನೇಳು ಅಜ್ಜಿಯ ಮೊದಲ ಪದಕ್ಕೇ ವಾಲಿತು. ಈ ಸಲ ಕೊಕ್ಕೆ ಇರಲಿಲ್ಲ, ತಿದ್ದಿಕೊಂಡ ಗುರುತಿರಲಿಲ್ಲ, ಕುಡುಗೋಲಿನಂತೆ ಒಂದೇ ಬಾಗು. ಎರಡರ ನಡುವೆ ನೂರಾ ನಲವತ್ತು ಮೀಟರು. ಆಮೇಲೆ ಅಥಣಿಕರ ನವಿಲು ಆರನ್ನು ಅಜ್ಜಿ ಹೇಳಿದಂತೆ ಬಲಕ್ಕೆ ತಿರುಗಿಸಿ ಲೆಕ್ಕ ಹಾಕಿಸಿದರು. ಎರಡು ಗೆರೆಗಳು ನೀರಿನ ಮೇಲೆ ಒಂದೇ ಬಿಂದುವಿಗೆ ಬಂದು ನಿಂತವು.

ಸಂಗನಬಸು ತೆರೆ ನೋಡಿದ, ತನ್ನ ಕೈ ನೋಡಿಕೊಂಡ, ಮತ್ತೆ ತೆರೆ ನೋಡಿದ.

"ನಾ ಬಲಕ್ಕ..." ಎಂದ.

"ದಾನೇಶ್ವರಿ ಅವರ," ಎಂದರು ಅಥಣಿಕರ, ತಿರುಗದೆ. "ಹದಿನೇಳು ಆ ಪಟ್ಟಿಯೊಳಗ ಇರಲಿಲ್ಲ."

"ಇರಲಿಲ್ರಿ. ಇದ್ದೂವು ಹನ್ನೊಂದು. ನಾ ಹತ್ತ ಬರದೆ."

ತಮ್ಮ ಅವಳತ್ತ ನೋಡಿದ್ದು ಅವಳಿಗೆ ಗೊತ್ತಾಯಿತು. ಅವಳು ತಿರುಗಿ ನೋಡಲಿಲ್ಲ. ಮೇಜಿನ ಮೇಲಿದ್ದ ಪಟ್ಟಿಯ ನಕಲನ್ನು ಎಳೆದುಕೊಂಡು, ಹತ್ತನೆಯ ನಂಬರಿನ ಕೆಳಗೆ ಹದಿನೇಳು ಎಂದು ಬರೆದು, ಪಕ್ಕದಲ್ಲಿ ತನ್ನ ಸಹಿ ಹಾಕಿ, ಸಮಯ ಹಾಕಿ ಅಥಣಿಕರ ಮುಂದಿಟ್ಟಳು.

ತೆರೆಯ ಮೇಲಿನ ಗೆರೆ ಎಡಕ್ಕೆ ಹೋಗಿತ್ತು. ಸಂಗನಬಸು ಒಂಬತ್ತು ವರ್ಷದವನಿದ್ದಾಗ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದ.